ಗಾಡಿ ಮಾತು: ವಾರಂಟಿ ಇರೋ ಲಾರಿಗೆ ಸಿಂಥೆಟಿಕ್ ಆಯಿಲ್ ಹಾಕಿಸ್ಬೋದಾ?

ಪ್ರಶ್ನೆ: ನಮಸ್ಕಾರ ಸಾರ್. ನಂದು ಬಿಎಸ್ 6 ಲಾರಿ, ಆರು ಚಕ್ರದ್ದು, ತಗೊಂಡು ಒಂದೂವರೆ ವರ್ಷ ಆಯ್ತು. ನಾನೇ ಓನರ್ರು ನಾನೇ ಡ್ರೈವರ್ರು. ಈರುಳ್ಳಿ ಸೀಸನ್ನಲ್ಲಿ ಚಳ್ಳಕೆರೆ ಕಡೆಯಿಂದ ಯಶವಂತಪುರಕ್ಕೆ ಹೊಡೀತೀನಿ, ಉಳಿದ ಟೈಮಲ್ಲಿ ಯಾವ ಲೋಡ್ ಸಿಗುತ್ತೋ ಅದು. ವಾರಂಟಿ ಇನ್ನೂ ಇದೆ. ಸರ್ವೀಸ್ ಸೆಂಟರ್ನೋರು ಕಂಪನಿ ಹೆಸರಿನ ಆಯಿಲ್ ಬಿಟ್ಟು ಬೇರೆ ಮುಟ್ಟಂಗೇ ಇಲ್ಲ, ಮುಟ್ಟಿದ್ರೆ ವಾರಂಟಿ ಹೋಯ್ತು ಅಂತಾರೆ. ಹೈವೇ ಪಕ್ಕದ ಆಯಿಲ್ ಅಂಗಡಿಯಣ್ಣ ಫುಲ್ ಸಿಂಥೆಟಿಕ್ 5ಡಬ್ಲ್ಯೂ-30 ಹಾಕ್ಸು, ಡಬಲ್ ಕಿಲೋಮೀಟರ್ ಓಡುತ್ತೆ, ಮೈಲೇಜೂ ಸಿಗುತ್ತೆ ಅಂತಾನೆ. ನಮ್ ಮಾವಂದು ಹಳೇ ಲಾರಿ, ಅವ್ರು ಇವೆಲ್ಲ ಶೋಕಿ, ಇಪ್ಪತ್ತು ವರ್ಷದಿಂದ ನಾನು ಹಾಕ್ತಿರೋದನ್ನೇ ಹಾಕು, ರೇಟೂ ಕಮ್ಮಿ ಅಂತ ಬೈತಾರೆ. ಯಾರ ಮಾತು ಕೇಳ್ಲಿ?
— ಲಾರಿ ಮಾಲೀಕರು, ಹಿರಿಯೂರು

ಉತ್ತರ: ಮೂರು ಜನದ ಮಾತಲ್ಲೂ ಒಂದೊಂದ್ ಚೂರು ನಿಜ ಇದೆ, ಅದಕ್ಕೇ ನಿಮಗೆ ತಲೆ ಕೆಟ್ಟಿರೋದು. ಮಾವನ್ನ ಮೊದ್ಲು ವಿಚಾರಿಸ್ಕೊಳ್ಳೋಣ, ಯಾಕಂದ್ರೆ ಪ್ರೀತಿಯಿಂದ ಹೇಳಿದ್ರೂ ನಿಮ್ಮ ಗಾಡಿಗೆ ಜಾಸ್ತಿ ಡೇಂಜರ್ ಇರೋದು ಅವ್ರ ಸಲಹೇಲೇ.

ಅವ್ರ ಲಾರಿಗೂ ನಿಮ್ಮ ಲಾರಿಗೂ ಇಂಜಿನ್ ಹೊರಗಡೆಯಿಂದ ಒಂದೇ ಥರ ಕಂಡ್ರೂ ಹೊಗೆ ಹೋಗೋ ದಾರಿ ಪೂರ್ತಿ ಬೇರೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ಅನ್ನೋ ಹೊಗೆ ನಿಯಮ ಬಂತಲ್ಲ, ಅವತ್ತಿಂದ ಸೈಲೆನ್ಸರ್ ದಾರೀಲಿ ಡಿಪಿಎಫ್ ಅಂತ ಜೇನುಗೂಡಿನ ಥರದ್ದೊಂದು ಫಿಲ್ಟರ್ ಕೂತಿದೆ, ಮಸಿ ಎಲ್ಲ ಅದರಲ್ಲಿ ನಿಲ್ಲುತ್ತೆ. ತುಂಬಿದಾಗ ಗಾಡಿನೇ ಒಂದಿಷ್ಟು ಡೀಸೆಲ್ ಜಾಸ್ತಿ ಬಿಟ್ಟು ಫಿಲ್ಟರನ್ನ ಸುಮಾರು 600 ಡಿಗ್ರಿಗೆ ಕಾಯಿಸಿ ಆ ಮಸೀನ ಸುಟ್ಟು ಹಾಕುತ್ತೆ, ಮೀಟರಲ್ಲಿ ರೀಜನರೇಷನ್ ಅಂತ ಲೈಟ್ ಬರೋದು ಅದಕ್ಕೇ. ಇಲ್ಲೀವರ್ಗೂ ತೊಂದ್ರೆ ಇಲ್ಲ. ಆದ್ರೆ ಇಂಜಿನ್ ಆಯಿಲ್ ಸ್ವಲ್ಪ ಸ್ವಲ್ಪ ಉರಿಯೋದು ಇದ್ದೇ ಇರುತ್ತಲ್ಲ, ಆಯಿಲಲ್ಲಿ ಕ್ಯಾಲ್ಸಿಯಂ, ಜಿಂಕ್ ಇಂಥವೆಲ್ಲ ಬೆರೆಸಿರ್ತಾರೆ, ಅವು ಉರಿದು ಬೂದಿ ಆಗಿ ಅದೇ ಫಿಲ್ಟರಲ್ಲಿ ಹೋಗಿ ಕೂರುತ್ತೆ. ಮಸಿ ಸುಡುತ್ತೆ, ಬೂದಿ ಸುಡಲ್ಲ. ಒಲೆ ಹಚ್ಚಿದವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ, ಬೂದಿಗೆ ಎಷ್ಟೇ ಬೆಂಕಿ ಇಟ್ರೂ ಅದು ಬೂದಿನೇ. ಅದು ತುಂಬ್ತಾ ಬಂದ್ರೆ ಗಾಡಿ ಪಿಕಪ್ ಕಳ್ಕೊಳ್ಳುತ್ತೆ, ಪದೇ ಪದೇ ರೀಜನರೇಷನ್ ಕೇಳುತ್ತೆ, ಕೊನೆಗೆ ಫಿಲ್ಟರ್ ಬಿಚ್ಚಿ ಕ್ಲೀನ್ ಮಾಡಿಸ್ಬೇಕು ಇಲ್ಲಾ ಬದಲಾಯಿಸ್ಬೇಕು, ಆ ಬಿಲ್ ನೋಡಿದ್ರೆ ಒಂದು ಸೀಸನ್ ಈರುಳ್ಳಿ ಬಾಡಿಗೆ ನೆನಪಾಗುತ್ತೆ.

ಹಾಗಾಗಿ ಬಿಎಸ್ 6 ಗಾಡಿಗೆ ಬೂದಿ ಕಮ್ಮಿ ಬರೋ ಆಯಿಲೇ ಬೇಕು. ಕ್ಯಾನ್ ಮೇಲೆ ಎಪಿಐ ಸಿಕೆ-4 (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಡೀಸೆಲ್ ಇಂಜಿನ್ ಆಯಿಲಿಗೆ ಇಟ್ಟಿರೋ ದರ್ಜೆ) ಅಂತ ಇದ್ರೆ ಅದರಲ್ಲಿ ಬೂದಿ ತೂಕದಲ್ಲಿ 1 ಪರ್ಸೆಂಟ್ ದಾಟಬಾರ್ದು ಅನ್ನೋ ಮಿತಿ ಇದೆ. ಸಿಕೆ-4 ಬಂದಿದ್ದು 2016ರ ಡಿಸೆಂಬರ್ನಲ್ಲಿ, ಅದಕ್ಕೆ ಮುಂಚೆ 2006ರಲ್ಲಿ ಸಿಜೆ-4 ಬಂತು, ಅದಕ್ಕೂ ಹಿಂದೆ 2002ರಲ್ಲಿ ಸಿಐ-4. ಮಾವ ಹಾಕ್ತಿರೋದು ಸಿಐ-4 ಇಲ್ಲಾ ಅದಕ್ಕಿಂತ ಹಳೇದು ಇರ್ಬೇಕು, ಆ ಕಾಲದಲ್ಲಿ ಡೀಸೆಲಲ್ಲಿ ಗಂಧಕ ಜಾಸ್ತಿ ಇತ್ತು, ಅದು ಉರಿದಾಗ ಆಸಿಡ್ ಆಗ್ತಿತ್ತು, ಅದನ್ನ ಕೊಲ್ಲೋಕೆ ಆಯಿಲಲ್ಲಿ ಕ್ಷಾರ ಜಾಸ್ತಿ ಹಾಕ್ತಿದ್ರು, ಬೂದಿನೂ ಜಾಸ್ತಿ ಬರ್ತಿತ್ತು, ಬಂದ್ರೂ ಸೈಲೆನ್ಸರಿಂದ ಹೊರಗೆ ಹೋಗ್ತಿತ್ತು. ಈಗ ಬಂಕಲ್ಲಿ ಬರೋ ಬಿಎಸ್ 6 ಡೀಸೆಲಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ 10 ಭಾಗ ಅಷ್ಟೇ, ಬಿಎಸ್ 4 ಟೈಮಲ್ಲಿ 50 ಇತ್ತು. ಮಾವನ ಆಯಿಲ್ ಮಾವನ ಗಾಡಿಗೆ ಸರಿಯಾಗೇ ಇದೆ, ಅವ್ರ ಹತ್ರ ಜಗಳ ಆಡ್ಬೇಡಿ.

ಇನ್ನು ಅಂಗಡಿಯಣ್ಣನ ಸಿಂಥೆಟಿಕ್ಕು. ಈ ಪದ ಕೇಳಿದ್ರೆ ಸುಮಾರ್ ಜನ ಏನೋ ಲ್ಯಾಬಲ್ಲಿ ಹನಿ ಹನಿ ತಯಾರ್ ಮಾಡಿದ ಅಮೃತ ಅನ್ಕೊಂಡಿದಾರೆ. ಮಾರ್ಕೆಟಲ್ಲಿ ಸಿಂಥೆಟಿಕ್ ಅಂತ ಸಿಗೋದ್ರಲ್ಲಿ ತುಂಬಾ ಆಯಿಲು ಕಚ್ಚಾ ಎಣ್ಣೇನೇ ಹೈಡ್ರೋಜನ್ ಒತ್ತಡದಲ್ಲಿ ಮುರಿದು ಚೊಕ್ಕ ಮಾಡಿದ್ದು, ಗ್ರೂಪ್ 3 ಅಂತಾರೆ. ಇದನ್ನ ಸಿಂಥೆಟಿಕ್ ಅಂತ ಕರೀಬೋದಾ ಅಂತ ಅಮೆರಿಕದಲ್ಲಿ ಮೊಬಿಲ್ನೋರು ಕ್ಯಾಸ್ಟ್ರಾಲ್ ಮೇಲೆ ಜಾಹೀರಾತು ಮಂಡಳಿಗೆ ದೂರು ಕೊಟ್ಟಿದ್ರು, 1999ರಲ್ಲಿ ಕರೀಬೋದು ಅಂತ ತೀರ್ಮಾನ ಆಯ್ತು, ಆವಾಗಿಂದ ಎಲ್ರೂ ಧೈರ್ಯವಾಗಿ ಬರೀತಾರೆ. ಅದು ಮೋಸ ಅಂತ ನಾನು ಹೇಳ್ತಿಲ್ಲ, ಆಯಿಲ್ ಚೆನ್ನಾಗೇ ಇರುತ್ತೆ, ಬಿಸಿಗೆ ಬೇಗ ಕೆಡಲ್ಲ, ಘಾಟ್ ಹತ್ತುವಾಗ ಟರ್ಬೊ ಕೆಂಪಗೆ ಕಾದಾಗ್ಲೂ ತಡ್ಕೊಳ್ಳುತ್ತೆ. ಆದ್ರೆ ಸಿಂಥೆಟಿಕ್ ಅನ್ನೋ ಪದ ನಿಮ್ಮ ವಾರಂಟಿ ಬುಕ್ಕಲ್ಲಿ ಇರೋದೇ ಡೌಟು, ಹುಡುಕಿ ನೋಡಿ. ಅಲ್ಲಿ ಇರೋದು ಎರಡು ವಿಷಯ, ಗ್ರೇಡು ಮತ್ತೆ ಸ್ಪೆಕ್ಕು. ಗ್ರೇಡು ಅಂದ್ರೆ 15ಡಬ್ಲ್ಯೂ-40 ಥರದ ಮಂದದ ನಂಬರು, ಸ್ಪೆಕ್ಕು ಅಂದ್ರೆ ಸಿಕೆ-4 ಥರ ಆಯಿಲ್ ಪಾಸ್ ಆಗ್ಬೇಕಾದ ಗುಣಮಟ್ಟ. ಸಿಕೆ-4 ಪಾಸ್ ಆಗಿರೋ ಮಾಮೂಲಿ ಮಿನರಲ್ 15ಡಬ್ಲ್ಯೂ-40 ಬುಕ್ಕಿಗೆ ಒಪ್ಪುತ್ತೆ, ಸ್ಪೆಕ್ ಹೊಂದದೇ ಇರೋ ದುಬಾರಿ ಸಿಂಥೆಟಿಕ್ ಒಪ್ಪಲ್ಲ.

5ಡಬ್ಲ್ಯೂ ವಿಷಯ ಒಂದು ಮಾತು. ಡಬ್ಲ್ಯೂ ಅಂದ್ರೆ ವಿಂಟರ್, ಚಳಿ. 15ಡಬ್ಲ್ಯೂ ಆಯಿಲನ್ನ ಟೆಸ್ಟ್ ಮಾಡೋದು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 5ಡಬ್ಲ್ಯೂನ 30 ಡಿಗ್ರಿ ಕೆಳಗೆ. ಹಿರಿಯೂರಲ್ಲಿ ಅಂಥ ಚಳಿ ಬಂದ್ರೆ ಲಾರಿ ಸ್ಟಾರ್ಟ್ ಆಗೋದಿರ್ಲಿ ನೀವು ಕಂಬಳಿ ಬಿಟ್ಟು ಎದ್ರೆ ಅದೇ ದೊಡ್ದು. ನಮ್ಮ ಕಡೆ ಮುಖ್ಯ ಆಗೋದು ಎರಡನೇ ನಂಬರು, ಬಿಸಿಯಾದಾಗ ಎಷ್ಟು ಮಂದ ಇರುತ್ತೆ ಅನ್ನೋದು, 40 ಅಂದ್ರೆ 30ಕ್ಕಿಂತ ಮಂದ. ತೆಳು ಆಯಿಲಲ್ಲಿ ಮೈಲೇಜ್ ಒಂಚೂರು ಸಿಗೋದು ನಿಜ, ಆದ್ರೆ ನಿಮ್ಮ ಇಂಜಿನ್ ಬೇರಿಂಗನ್ನ ಆ ತೆಳುವಿಗೆ ಲೆಕ್ಕ ಹಾಕಿ ಮಾಡಿದಾರಾ ಇಲ್ವಾ ಅನ್ನೋದು ಅಂಗಡಿಯಣ್ಣಂಗೆ ಗೊತ್ತಿರಲ್ಲ, ಬುಕ್ಕಿಗೆ ಗೊತ್ತಿರುತ್ತೆ. ಇನ್ನೊಂದು ಮೋಸ ಹೋಗೋ ಜಾಗ ಹೇಳ್ತೀನಿ, 5ಡಬ್ಲ್ಯೂ-30 ಅಂತ ಬರೆದಿರೋ ಕ್ಯಾನೆಲ್ಲ ಒಂದೇ ಅಲ್ಲ. ಅದರಲ್ಲಿ ಕಾರಿಂದೂ ಇರುತ್ತೆ, ಲಾರಿಗೆ ಅಂತ್ಲೇ ಮಾಡಿದ ಸಿಕೆ-4ನೂ ಇರುತ್ತೆ, ಎಫ್ಎ-4 ಅಂತ ಇನ್ನೂ ತೆಳು ಜಾತಿದೂ ಇರುತ್ತೆ, ಈ ಎಫ್ಎ-4ನ ಬುಕ್ಕಲ್ಲಿ ಹೆಸರು ಹಿಡಿದು ಬರೆದಿಲ್ಲ ಅಂದ್ರೆ ಹಾಕೋಹಾಗೇ ಇಲ್ಲ. ಯುರೋಪಿನ ಇಂಜಿನ್ ಮೂಲದ ಗಾಡಿಯಾದ್ರೆ ಎಸಿಇಎ (ಅಲ್ಲಿನ ಗಾಡಿ ಕಂಪನಿಗಳ ಸಂಘ) ಇ6 ಇ9 ಅಂತ ಸ್ಪೆಕ್ ಇರ್ಬೋದು, 2022ರ ಹೊಸ ಲಿಸ್ಟಲ್ಲಿ ಅವೇ ಇ8 ಇ11 ಆಗಿವೆ, ನೋಡಿ ಗಾಬರಿ ಆಗ್ಬೇಡಿ.

ಡಬಲ್ ಓಡುತ್ತೆ ಅನ್ನೋ ಮಾತಿಗಂತೂ ವಾರಂಟಿ ಮುಗಿಯೋವರ್ಗೂ ಕಿವಿ ಕೊಡ್ಬೇಡಿ. ಆಯಿಲ್ ಓಡ್ಬೋದು, ನಾನು ಇಲ್ಲ ಅನ್ನಲ್ಲ. ಬುಕ್ಕಲ್ಲಿ ಇಷ್ಟು ಕಿಲೋಮೀಟರ್ ಇಲ್ಲಾ ಇಷ್ಟು ತಿಂಗಳು, ಯಾವುದು ಮೊದ್ಲೋ ಅದು ಅಂತ ಬರೆದಿರುತ್ತಲ್ಲ, ಅದನ್ನ ಒಂದ್ಸಲ ದಾಟಿದ್ರೂ ನಾಳೆ ಕ್ಲೇಮಿಗೆ ಹೋದಾಗ ಕಂಪ್ಯೂಟರಲ್ಲಿ ಮೊದ್ಲು ತೆಗೆಯೋದು ಅದೇ ಡೇಟು. ಧೂಳಲ್ಲಿ ಓಡೋ ಗಾಡಿಗೆ, ಗಂಟೆಗಟ್ಲೆ ಮಂಡಿ ಮುಂದೆ ಸ್ಟಾರ್ಟಲ್ಲೇ ನಿಲ್ಲೋ ಗಾಡಿಗೆ ಬುಕ್ಕಲ್ಲಿ ಇನ್ನೂ ಕಮ್ಮಿ ಕಿಲೋಮೀಟರ್ ಬೇರೆ ಕಾಲಮ್ಮಲ್ಲಿ ಇರುತ್ತೆ, ಅದನ್ನ ಯಾರೂ ಓದಲ್ಲ. ನಿಮ್ಮದು ಆ ಕಾಲಮ್ಮಿಗೆ ಬರುತ್ತೆ ಅಂತ ನಂಗನ್ಸುತ್ತೆ.

ಈಗ ಸರ್ವೀಸ್ ಸೆಂಟರ್ನೋರ ಮಾತು. ಕಂಪನಿ ಡಬ್ಬಿ ಬಿಟ್ಟು ಬೇರೆ ಹಾಕಿದ ಕೂಡ್ಲೇ ವಾರಂಟಿ ಪೂರ್ತಿ ಸತ್ತೋಯ್ತು ಅನ್ನೋದು ಬಾಯಿಮಾತು, ಬುಕ್ಕಲ್ಲಿ ಏನಿದೆ ತೋರ್ಸಿ ಅಂತ ಕೇಳಿ. ಕೆಲವ್ರ ಬುಕ್ಕಲ್ಲಿ ಇಂಥ ಸ್ಪೆಕ್ಕಿಂದು ಅಂತಷ್ಟೇ ಇರುತ್ತೆ, ಕೆಲವ್ರದ್ರಲ್ಲಿ ನಾವು ಒಪ್ಪಿದ ಬ್ರಾಂಡಿನ ಲಿಸ್ಟ್ ಇರುತ್ತೆ. 2014ರ ಆಗಸ್ಟಲ್ಲಿ ಮಾರ್ಕೆಟಲ್ಲಿ ಸ್ಪರ್ಧೆ ಸರಿಯಾಗಿದೆಯಾ ಅಂತ ನೋಡೋ ಕಾಂಪಿಟೀಷನ್ ಕಮಿಷನ್ನು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ಚಿಲ್ಲರೆ ದಂಡ ಹಾಕಿತ್ತು, ಹೊರಗಡೆ ಗ್ಯಾರೇಜಲ್ಲಿ ಕೆಲಸ ಮಾಡಿಸಿದ್ರು ಅನ್ನೋ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಅನ್ನೋ ಷರತ್ತು ಹಾಕಬಾರ್ದು ಅಂತ ಅದರಲ್ಲಿ ಹೇಳಿತ್ತು. ಆದ್ರೆ ಅದು ಕಾರಿನ ಕೇಸು, ಆ ಆರ್ಡರ್ ಹಿಡ್ಕೊಂಡು ಲೋಡ್ ಆಗಿರೋ ಲಾರಿ ಗೇಟಲ್ಲಿ ನಿಲ್ಸಿ ಮ್ಯಾನೇಜರ್ ಹತ್ರ ವಾದ ಮಾಡೋಕಾಗಲ್ಲ, ಆ ದಿನದ ಬಾಡಿಗೆ ಯಾರು ಕೊಡ್ತಾರೆ?

ನನ್ನ ಮಾತು ಕೇಳ್ತೀರ ಅಂದ್ರೆ ವಾರಂಟಿ ಮುಗಿಯೋವರ್ಗೂ ಜಾಣತನ ತೋರಿಸ್ಬೇಡಿ. ಸೆಂಟರಲ್ಲೇ ಬದಲಾಯಿಸಿ, ಹತ್ತು ಹದಿನೈದು ಲೀಟರ್ ಮೇಲೆ ಉಳಿಯೋ ದುಡ್ಡು ಒಂದು ಇಂಜೆಕ್ಟರ್ ಬೆಲೆಗೂ ಸಾಲಲ್ಲ. ಏನ್ ಮಾಡಿದ್ರೂ ಹೊರಗಡೆನೇ ಹಾಕಿಸ್ತೀನಿ ಅನ್ನೋದಾದ್ರೆ ಬುಕ್ಕಲ್ಲಿರೋ ಗ್ರೇಡು, ಸ್ಪೆಕ್ಕು, ಕಂಪನಿದೇ ಅಪ್ರೂವಲ್ ನಂಬರ್ ಇದ್ರೆ ಅದೂ, ಮೂರೂ ಕ್ಯಾನಿನ ಹಿಂದೆ ಅಕ್ಷರಕ್ಕೆ ಅಕ್ಷರ ಇದೆಯಾ ನೋಡಿ. 'ಸೂಟ್ ಆಗುತ್ತೆ' ಅಂತ ಬರೆದಿರೋದಕ್ಕೂ 'ಅಪ್ರೂವ್ಡ್' ಅಂತ ಬರೆದಿರೋದಕ್ಕೂ ವ್ಯತ್ಯಾಸ ಇದೆ, ಮೊದಲ್ನೇದು ಆಯಿಲ್ ಕಂಪನಿಯವ್ರು ತಾವೇ ಹೇಳ್ಕೊಂಡಿದ್ದು, ಎರಡನೇದು ಇಂಜಿನ್ ಕಂಪನಿ ಒಪ್ಪಿದ್ದು. ಜಿಎಸ್‌ಟಿ ಬಿಲ್ಲಲ್ಲಿ ಆಯಿಲ್ ಹೆಸ್ರು, ಗ್ರೇಡು, ಎಷ್ಟು ಲೀಟರು, ಗಾಡಿ ನಂಬರ್ ಬರೆಸಿ, ಓಡೋಮೀಟರ್ ಫೋಟೋ ತೆಗೀರಿ, ಕ್ಯಾನಿನ ಬ್ಯಾಚ್ ನಂಬರ್ ಫೋಟೋನೂ ಇರ್ಲಿ. ಆಯಿಲ್ ಫಿಲ್ಟರ್ ಮಾತ್ರ ಕಂಪನಿದೇ.

ಬಿಲ್ ಬಗ್ಗೆ ಇಷ್ಟು ಕೊರೀತಿರೋದಕ್ಕೆ ಕಾರಣ ಇದೆ. ನಾನು ಗ್ಯಾರೇಜ್ ನಡೆಸ್ತಿದ್ದಾಗ ಒಬ್ಬ ಪರಿಚಯದೋರ ಟಿಪ್ಪರ್ ಟರ್ಬೊ ಹೋಯ್ತು, ವಾರಂಟಿ ಇನ್ನೂ ನಾಲ್ಕು ತಿಂಗಳಿತ್ತು. ಆಯಿಲ್ ನಾನೇ ಹಾಕಿದ್ದು, ಬುಕ್ಕಲ್ಲಿದ್ದ ಸ್ಪೆಕ್ಕೇ, ಒಂದು ಅಕ್ಷರ ಆಚೆ ಈಚೆ ಇರ್ಲಿಲ್ಲ. ಆದ್ರೆ ಪರಿಚಯದೋರು ಅಂತ ಬಿಲ್ ಬರೆದಿರ್ಲಿಲ್ಲ, ದುಡ್ಡು ಕೈಯಲ್ಲಿ ಇಸ್ಕೊಂಡಿದ್ದೆ. ಕ್ಲೇಮ್ ರಿಜೆಕ್ಟ್. ಸರಿಯಾದ ಆಯಿಲ್ ಹಾಕಿದಾರೆ ಅನ್ನೋಕೆ ಏನು ದಾಖಲೆ ಅಂತ ಕೇಳಿದ್ರು, ನನ್ನ ಹತ್ರ ಇದ್ದಿದ್ದು ನಾಲಿಗೆ ಮಾತ್ರ. ಆ ಮನುಷ್ಯ ಇವತ್ತೂ ಸಿಕ್ಕಾಗ ಮಾತಾಡಿಸ್ತಾರೆ, ಆದ್ರೆ ಟೀ ಕುಡಿಯೋಣ ಬಾ ಅನ್ನಲ್ಲ.

ಅಕಸ್ಮಾತ್ ಎಲ್ಲ ಸರಿಯಿದ್ದೂ ಕ್ಲೇಮ್ ತಳ್ಳಿಹಾಕಿದ್ರೆ ಕಾರಣ ಲಿಖಿತವಾಗಿ ಕೊಡಿ ಅನ್ನಿ, ಬಾಯಲ್ಲಿ ಹೇಳಿದ್ದು ಬೇಡ. 1915ಕ್ಕೆ ಫೋನ್ ಮಾಡಿದ್ರೆ ಗ್ರಾಹಕರ ಸಹಾಯವಾಣಿ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. ನಿಮಗೊಂದು ಅನುಕೂಲ ಇದೆ, 2019ರ ಗ್ರಾಹಕ ಕಾಯ್ದೇಲಿ ವ್ಯಾಪಾರಕ್ಕೆ ಅಂತ ಕೊಂಡವ್ರು ಗ್ರಾಹಕರಲ್ಲ ಅಂತ ಇದ್ರೂ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೇ ಅಂತ ತಗೊಂಡವ್ರನ್ನ ಹೊರಗಿಟ್ಟಿಲ್ಲ. ನಾನೇ ಓನರ್ರು ನಾನೇ ಡ್ರೈವರ್ರು ಅಂತ ನೀವು ಬರೆದ್ರಲ್ಲ, ಆ ಸಾಲು ಅಲ್ಲಿ ಕೆಲಸಕ್ಕೆ ಬರುತ್ತೆ. ಹತ್ತಾರು ಲಾರಿ ಇಟ್ಟಿರೋ ಸಾಹುಕಾರ್ರಿಗೆ ಆ ಬಾಗಿಲು ಅಷ್ಟು ಸಲೀಸಾಗಿ ತೆಗೆಯಲ್ಲ.

ಪ್ರಶ್ನೆ: ಅಣ್ಣಾ, ಟೊಮೇಟೊ ಪಿಕಪ್ ಓಡಿಸ್ತೀನಿ, ತೋಟದಿಂದ ಕೋಲಾರ ಮಂಡಿಗೆ ದಿನಾ ಐದಾರು ಟ್ರಿಪ್ಪು, ಎಲ್ಲ ಹತ್ತು ಹನ್ನೆರಡು ಕಿಲೋಮೀಟರೇ. ಮೊನ್ನೆ ಆಯಿಲ್ ಗೇಜ್ ಕಡ್ಡಿ ತೆಗೆದು ನೋಡಿದ್ರೆ ಲೆವೆಲ್ ಮ್ಯಾಕ್ಸಿಗಿಂತ ಮೇಲಿದೆ, ನಾನು ಒಂದು ತೊಟ್ಟೂ ಹಾಕಿಲ್ಲ. ಗೆಳೆಯ ಒಳ್ಳೇದಾಯ್ತಲ್ಲ ಬಿಡು ಅಂತಾನೆ. ವಾರಂಟಿ ಇದೆ.
— ಪಿಕಪ್ ಡ್ರೈವರ್, ಕೋಲಾರ

ಉತ್ತರ: ತಮ್ಮಾ, ಆ ಗೆಳೆಯನ್ನ ಗಾಡಿ ಹತ್ರ ಸೇರಿಸ್ಬೇಡ. ಆಯಿಲ್ ಮರಿ ಹಾಕಲ್ಲ. ಮೇಲೆ ಹೇಳಿದ್ನಲ್ಲ, ಡಿಪಿಎಫ್ ಸುಡೋಕೆ ಗಾಡಿ ಜಾಸ್ತಿ ಡೀಸೆಲ್ ಬಿಡುತ್ತೆ ಅಂತ, ಎಷ್ಟೋ ಇಂಜಿನ್ನುಗಳು ಅದನ್ನ ಸಿಲಿಂಡರ್ ಒಳಗೇ ಲೇಟಾಗಿ ಚಿಮ್ಮಿಸ್ತವೆ, ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆ ಹಿಡ್ಕೊಂಡು ಕೆಳಗಿಳಿದು ಆಯಿಲಿಗೆ ಸೇರುತ್ತೆ. ದೂರ ಓಡೋ ಗಾಡೀಲಿ ಇಂಜಿನ್ ಕಾದು ಅದು ಆವಿಯಾಗಿ ಹೋಗುತ್ತೆ, ನಿಂದು ಹತ್ತು ಕಿಲೋಮೀಟರಿಗೇ ಆಫ್ ಮಾಡ್ತೀಯ, ರೀಜನರೇಷನ್ ಅರ್ಧಕ್ಕೇ ನಿಲ್ಲುತ್ತೆ, ಮತ್ತೆ ಮುಂದಿನ ಟ್ರಿಪ್ಪಲ್ಲಿ ಶುರು, ಮತ್ತೆ ಡೀಸೆಲ್ಲು. ಹಿಂಗೇ ತುಂಬಿ ತುಂಬಿ ಆಯಿಲ್ ನೀರಾಗಿದೆ. ಕಡ್ಡಿ ತುದಿ ಮೂಗಿನ ಹತ್ರ ಹಿಡಿ, ಡೀಸೆಲ್ ವಾಸನೆ ಬಂದ್ರೆ ಇದೇ ಕಥೆ. ಬಣ್ಣ ಹಾಲು ಹಾಕಿದ ಕಾಫಿ ಥರ ಇದ್ರೆ ಕೂಲೆಂಟ್ ನೀರು ಸೇರಿದೆ, ಆಗ ಗಾಡಿ ಸ್ಟಾರ್ಟೇ ಮಾಡ್ಬೇಡ, ಟೋ ಮಾಡಿಸು.

ಡೀಸೆಲ್ಲೇ ಆದ್ರೆ ಕಿಲೋಮೀಟರ್ ಆಗಿಲ್ಲ ಅಂತ ಕಾಯ್ಬೇಡ, ಸೆಂಟರಿಗೆ ಹೋಗಿ ತೋರ್ಸಿ ಆಯಿಲ್ ಚೇಂಜ್ ಮಾಡಿಸು, ಲೆವೆಲ್ ಏರಿತ್ತು ಅಂತ ಜಾಬ್ ಕಾರ್ಡಲ್ಲಿ ಬರೆಸು. ಇಂಜೆಕ್ಟರ್ ಸೋರ್ತಿದ್ರೂ ಹಿಂಗೇ ಆಗುತ್ತೆ, ಹಾಗಿದ್ರೆ ಅದು ವಾರಂಟೀಲಿ ಬರ್ಬೇಕಾದ ಕೆಲಸ, ನೀನು ಸುಮ್ನೆ ಹೊರಗೆ ಆಯಿಲ್ ಬದಲಾಯಿಸ್ಕೊಂಡು ಬಂದ್ರೆ ಆ ಸಾಕ್ಷಿನೇ ಚರಂಡಿ ಸೇರುತ್ತೆ. ಆಮೇಲೆ ರೀಜನರೇಷನ್ ಲೈಟ್ ಬಂದಾಗ ಮಂಡೀಲಿ ಜಾಗ ಸಿಕ್ತು ಅಂತ ಆಫ್ ಮಾಡ್ಬೇಡ, ಹೈವೇ ಕಡೆ ಒಂದು ಇಪ್ಪತ್ತು ನಿಮಿಷ ಒಂದೇ ಸ್ಪೀಡಲ್ಲಿ ಓಡಿಸಿ ಮುಗಿಸು. ಟೊಮೇಟೊ ಅಷ್ಟೊತ್ತಿಗೆ ಕೊಳೆಯಲ್ಲ. ಇದಕ್ಕೆ ಸಿಂಥೆಟಿಕ್ ಹಾಕಿದ್ರೆ ಸರಿಹೋಗುತ್ತಾ ಅಂತ ಕೇಳ್ಬೇಡ, ಎಂಥ ಆಯಿಲಾದ್ರೂ ಡೀಸೆಲ್ ಬೆರೆತ್ರೆ ತೆಳುವಾಗ್ಲೇಬೇಕು.

ಪ್ರಶ್ನೆ: ಹೊಸ ಸಿಂಥೆಟಿಕ್ ಆಯಿಲ್ ಹಾಕ್ಸಿ 500 ಕಿಲೋಮೀಟರಿಗೇ ಕಪ್ಪಾಗಿದೆ. ಡೂಪ್ಲಿಕೇಟಾ?
— ಓದುಗರು, ಸಿಂಧನೂರು

ಉತ್ತರ: ಕಪ್ಪಾಗಿದ್ದಕ್ಕೇ ಡೂಪ್ಲಿಕೇಟ್ ಅನ್ನೋಕಾಗಲ್ಲ. ಡೀಸೆಲ್ ಇಂಜಿನ್ನಲ್ಲಿ ಮಸಿ ಇರುತ್ತೆ, ಅದನ್ನ ಗಂಟುಕಟ್ಟೋಕೆ ಬಿಡದೆ ತನ್ನೊಳಗೇ ತೇಲಿಸ್ಕೊಂಡಿರೋದು ಆಯಿಲಿನ ಕೆಲಸ, ಕಪ್ಪಾಗಿದೆ ಅಂದ್ರೆ ಕೆಲಸ ಮಾಡ್ತಿದೆ. ಹಳೇ ಆಯಿಲ್ ಪೂರ್ತಿ ಇಳಿಯಲ್ಲ ಬೇರೆ, ಉಳಿದಿದ್ದು ಹೊಸದಕ್ಕೆ ಬಣ್ಣ ಕೊಡುತ್ತೆ. ಡೂಪ್ಲಿಕೇಟ್ ಭಯ ಇದ್ರೆ ಕೊಳ್ಳುವಾಗ್ಲೇ ನೋಡ್ಬೇಕು, ಸೀಲ್ ರಿಂಗು, ಮುಚ್ಚಳದ ಕೆಳಗಿನ ಫಾಯಿಲ್ಲು, ಬ್ಯಾಚ್ ನಂಬರು. ನೀವೂ ಒಂದು ಉಪಕಾರ ಮಾಡಿ, ಖಾಲಿ ಕ್ಯಾನನ್ನ ಗುಜರಿಗೆ ಹಾಕೋ ಮುಂಚೆ ಮಚ್ಚಲ್ಲಿ ಒಂದೇಟು ಹಾಕಿ ಸೀಳಿಬಿಡಿ. ಒಳ್ಳೇ ಕ್ಯಾನ್ ಸಿಗೋದ್ರಿಂದ್ಲೇ ಅದರೊಳಗೆ ಕೆಟ್ಟ ಆಯಿಲ್ ತುಂಬಿ ಮಾರೋರಿಗೆ ದಾರಿಯಾಗೋದು.

ಪ್ರಶ್ನೆ: ನಾವು ಟೆಕ್ಸಸಲ್ಲಿದೀವಿ, ಊರು ಹಾಸನ ಕಡೆ. ಕ್ಯಾಂಪಿಂಗ್ ಟ್ರೇಲರ್ ಎಳೆಯೋಕೆ ಅಂತ ಫೋರ್ಡ್ 6.7 ಲೀಟರ್ ಡೀಸೆಲ್ ಪಿಕಪ್ ಟ್ರಕ್ ತಗೊಂಡೆ. ಇಲ್ಲಿ ಮನೇಲೇ ಆಯಿಲ್ ಬದಲಾಯಿಸೋ ಅಭ್ಯಾಸ ಎಲ್ರಿಗೂ, ನಂಗೂ ಆಸೆ. ಡೀಲರ್ ಹತ್ರ ಹೋಗದೆ ಬೇರೆ ಬ್ರಾಂಡ್ ಸಿಂಥೆಟಿಕ್ ಹಾಕಿದ್ರೆ ವಾರಂಟಿ ಉಳಿಯುತ್ತಾ?
— ಓದುಗರು, ಡಾಲಸ್ ಹತ್ತಿರ

ಉತ್ತರ: ನಿಮಗೆ ನಮ್ಮ ಹಿರಿಯೂರಿನವ್ರಿಗಿಂತ ಕಾನೂನು ಗಟ್ಟಿಯಾಗಿದೆ. ಅಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಅಂತ ಇದೆ, ನಮ್ಮ ಬ್ರಾಂಡಿನ ಆಯಿಲೇ ಹಾಕು ಇಲ್ಲಾಂದ್ರೆ ವಾರಂಟಿ ಇಲ್ಲ ಅಂತ ಕಂಪನಿ ಹೇಳ್ಬೇಕಂದ್ರೆ ಆ ಆಯಿಲನ್ನ ಪುಕ್ಕಟೆ ಕೊಡ್ಬೇಕು, ಇಲ್ಲಾ ಸರ್ಕಾರದ ವ್ಯಾಪಾರ ಆಯೋಗದಿಂದ ವಿಶೇಷ ಅನುಮತಿ ತಂದಿರ್ಬೇಕು. ಮನೆ ಬಳಕೆಯ ವಸ್ತುಗಳಿಗೆ ಅಂತ ಮಾಡಿದ ಕಾಯ್ದೆ ಅದು, ನೀವು ಟ್ರೇಲರ್ ಎಳ್ಕೊಂಡು ಊರು ಸುತ್ತೋಕೆ ಇಟ್ಟಿದೀರ, ಅಡ್ಡಿಯಿಲ್ಲ.

ಹಾಗಂತ ಯಾವ ಆಯಿಲಾದ್ರೂ ಸುರೀರಿ ಅಂತಲ್ಲ. ಕಂಪನಿ ಬ್ರಾಂಡ್ ಹೇರೋಹಾಗಿಲ್ಲ, ಸ್ಪೆಕ್ ಹೇರ್ಬೋದು. ಈ ಇಂಜಿನ್ ವಿಷಯದಲ್ಲಿ ಫೋರ್ಡಿಂದು ಒಂದು ತಕರಾರಿದೆ, ಸಿಕೆ-4 ಅಂತ ಬರೆದಿದ್ರೆ ಸಾಲಲ್ಲ ಅಂತಾರೆ. ಸಿಕೆ-4 ಬಂದಾಗ ಕೆಲವು ಆಯಿಲಲ್ಲಿ ರಂಜಕ (ಫಾಸ್ಫರಸ್) ತೀರಾ ಕಮ್ಮಿಯಾಗಿ ಇಂಜಿನ್ ಒಳಗಿನ ಭಾಗ ಸವೀಬೋದು ಅಂತ ಅವ್ರೇ ಬೇರೆ ಸ್ಪೆಕ್ ಮಾಡಿದ್ರು, ಡಬ್ಲ್ಯೂಎಸ್ಎಸ್-ಎಂ2ಸಿ171-ಎಫ್1 ಅಂತ. ಬಾಯಲ್ಲಿ ಹೇಳೋಕೆ ಕಷ್ಟ, ಫೋನಲ್ಲಿ ಬರ್ಕೊಂಡು ಹೋಗಿ, ಕ್ಯಾನಿನ ಹಿಂದೆ ಇದೇ ನಂಬರ್ ಹುಡುಕಿ. ಎಫ್ಎ-4 ಅಂತೂ ಈ ಇಂಜಿನ್ನಿಗೆ ಮುಟ್ಟಲೇಬೇಡಿ, ಎಪಿಐ ಉಂಗುರದ ಗುರುತಲ್ಲಿ ಒಂದು ಭಾಗಕ್ಕೆ ಬೇರೆ ಬಣ್ಣ ತುಂಬಿರ್ತಾರೆ, ಕಣ್ಣಿಗೆ ಕಾಣುತ್ತೆ. ಮಾಮೂಲಿ ಓಡಾಟಕ್ಕೆ 10ಡಬ್ಲ್ಯೂ-30, ಭಾರ ಎಳೆಯೋ ಕೆಲಸಕ್ಕೆ 5ಡಬ್ಲ್ಯೂ-40 ಇಲ್ಲಾ 15ಡಬ್ಲ್ಯೂ-40 ಅಂತ ಹೇಳೋದು, ನಿಮ್ಮ ವರ್ಷದ ಬುಕ್ಕಲ್ಲಿ ಆ ಪುಟ ತೆಗೆದು ಒಂದ್ಸಲ ನೋಡ್ಕೊಳ್ಳಿ. ಟೆಕ್ಸಸ್ ಬೇಸಿಗೇಲಿ ಟ್ರೇಲರ್ ಕಟ್ಕೊಂಡು ಹೋಗೋದಾದ್ರೆ ನಾನು 5ಡಬ್ಲ್ಯೂ-40 ಸಿಂಥೆಟಿಕ್ಕೇ ಹಾಕ್ತಿದ್ದೆ, ಇಲ್ಲಿ ಮಾತ್ರ ಸಿಂಥೆಟಿಕ್ಕಿಗೆ ಕೊಟ್ಟ ದುಡ್ಡು ದಂಡ ಅನ್ನಲ್ಲ. 13 ಕ್ವಾರ್ಟ್ ಹಿಡಿಯುತ್ತೆ, ಅಂದ್ರೆ 12 ಲೀಟರ್ ಮೇಲೆ, ಕಾರಿಂದು ಅನ್ಕೊಂಡು ಚಿಕ್ಕ ಬಾಂಡ್ಲಿ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿದ್ರೆ ಡ್ರೈವ್‌ವೇ ತುಂಬಾ ಹರಿಯುತ್ತೆ, ಆಮೇಲೆ ಮನೆಯವ್ರ ವಾರಂಟಿ ನಂಗೊತ್ತಿಲ್ಲ. ಮನೇಲಿ ಮಾಡೋದ್ರಿಂದ ಬಿಲ್ಲು ಇನ್ನೂ ಮುಖ್ಯ, ಆಯಿಲಿಂದು ಫಿಲ್ಟರಿಂದು ಎರಡೂ ಇಟ್ಕೊಂಡು ಅದ್ರ ಮೇಲೇ ತಾರೀಖು, ಮೈಲಿ ಬರೀರಿ.

ಪ್ರಶ್ನೆ: ಆಯಿಲ್ ಜೊತೆ ಒಂದು ಬಾಟ್ಲಿ ಅಡಿಟಿವ್ ಹಾಕಿದ್ರೆ ಇಂಜಿನ್ ಸ್ಮೂತ್ ಆಗುತ್ತೆ ಅಂತಾರೆ, ವಾರಂಟಿ ಗಾಡಿಗೆ ಹಾಕ್ಬೋದಾ? ದಾರೀಲಿ ಆಯಿಲ್ ಕಮ್ಮಿಯಾದ್ರೆ ಬೇರೆ ಬ್ರಾಂಡ್ ಟಾಪಪ್ ಮಾಡ್ಬೋದಾ?
— ಓದುಗರು, ಶಿರಸಿ

ಉತ್ತರ: ಬಾಟ್ಲಿ ಬೇಡ. ಲೆಕ್ಕ ಹಾಕಿ ಬೂದಿ ಕಮ್ಮಿ ಮಾಡಿರೋ ಆಯಿಲಿಗೆ ಏನಿದೆ ಅಂತ ಗೊತ್ತಿಲ್ದೇ ಇರೋದನ್ನ ಸುರಿದ್ರೆ ಆ ಲೆಕ್ಕ ತಪ್ಪುತ್ತೆ, ಜೊತೆಗೆ ಸೆಂಟರ್ನೋರಿಗೆ ಒಂದು ನೆಪ. ಟಾಪಪ್ ಮಾಡ್ಬೋದು, ಅದೇ ಗ್ರೇಡು ಅದೇ ಸ್ಪೆಕ್ ಇದ್ರೆ ಒಂದೆರಡು ಲೀಟರಿಗೆ ಇಂಜಿನ್ ಏನೂ ಅನ್ನಲ್ಲ, ಆಯಿಲಿಲ್ದೇ ದೇವಿಮನೆ ಘಾಟ್ ಇಳಿದು ಹತ್ತೋದಕ್ಕಿಂತ ಅದೇ ವಾಸಿ. ಆದ್ರೆ ವಾರಂಟೀಲಿರೋ ಹೊಸ ಗಾಡಿ ಒಂದೆರಡು ಲೀಟರ್ ಕುಡೀತಿದೆ ಅಂದ್ರೆ ಟಾಪಪ್ ಮಾಡ್ಕೊಂಡು ಸುಮ್ನಿರ್ಬೇಡಿ, ಮೊದ್ಲು ಅದನ್ನ ಜಾಬ್ ಕಾರ್ಡಲ್ಲಿ ಬರೆಸಿ.